ಪರಿಷೆಯ ಅಜ್ಜಿಗೆ ಮಾತು ಕಲಿಸಿದ್ದು: ಆಟದ ಕತೆಗೆ ಯಾವ ಎಐ, ಎಷ್ಟು ಎಐ?

ನಮ್ಮ ಆಟ ನಡೆಯುವುದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕ ಮಾಸದ ಕೊನೆ ಸೋಮವಾರ, ದೊಡ್ಡ ಬಸವಣ್ಣನ ಗುಡಿ ಮುಂದೆ ಕಾಲಿಡಲು ಜಾಗವಿಲ್ಲ. ಆ ನೂಕಿನಲ್ಲಿ ಒಬ್ಬ ಹುಡುಗಿಯ ತಮ್ಮ ಕೈತಪ್ಪಿ ಹೋಗಿದ್ದಾನೆ. ಅವಳು ಅಂಗಡಿ ಅಂಗಡಿಗೂ ಹೋಗಿ ವಿಚಾರಿಸಬೇಕು. ಕಡಲೆಕಾಯಿ ಮಾರುವ ಒಬ್ಬ ಅಜ್ಜಿಗೆ ವಿಷಯ ಗೊತ್ತು, ಆದರೆ ಸುಲಭಕ್ಕೆ ಬಾಯಿ ಬಿಡುವವಳಲ್ಲ. ಇಷ್ಟೇ ಕತೆ.

ನಾವು ಮೂರು ಜನ. ಒಬ್ಬರು ಚಿತ್ರ, ಒಬ್ಬರು ಕೋಡ್, ಬರವಣಿಗೆ ನನ್ನದು. ಆಫೀಸು ಮುಗಿಸಿ ರಾತ್ರಿ ಹೊತ್ತು ಮಾಡುವ ಕೆಲಸ. ಆಟಗಾರ ತನಗೆ ತೋಚಿದ್ದನ್ನು ಟೈಪ್ ಮಾಡಬೇಕು, ಅಜ್ಜಿ ಅದಕ್ಕೆ ಉತ್ತರ ಕೊಡಬೇಕು ಅಂತ ಆಸೆ. ಎಐ ಇದೆಯಲ್ಲ, ಒಂದು ವಾರದ ಕೆಲಸ ಅಂದುಕೊಂಡೆವು. ಮೊದಲ ದಿನ "ಅಜ್ಜಿ, ನನ್ನ ತಮ್ಮನ್ನ ನೋಡಿದ್ರಾ?" ಅಂತ ಕೇಳಿದೆ. ಅಜ್ಜಿ ಅಂದಳು: "ಖಂಡಿತ! ನಿಮ್ಮ ಸಹೋದರನನ್ನು ಹುಡುಕಲು ನಾನು ನಿಮಗೆ ಸಹಾಯ ಮಾಡಬಲ್ಲೆ." ಸೇರು ಹಿಡಿದು ಕೂತಿದ್ದ ಮಾಗಡಿ ಕಡೆಯ ಮುದುಕಿ ಕಸ್ಟಮರ್ ಕೇರ್ ಹುಡುಗಿಯಾಗಿಬಿಟ್ಟಿದ್ದಳು.

ಆಮೇಲೆ ಒಂದೊಂದೇ ದಾರಿ ಹಿಡಿದು ನೋಡಿದೆವು. ಕತೆಯಿರುವ ಆಟ ಮಾಡಲು ಹೊರಟ, ಅದರಲ್ಲೂ ಕನ್ನಡದಲ್ಲಿ ಮಾಡಲು ಹೊರಟ ಸಣ್ಣ ತಂಡಗಳಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದು. ಮೊದಲೇ ಹೇಳಿಬಿಡುತ್ತೇನೆ, ನಾನು ಪಕ್ಷಪಾತಿ. ಎಐಯನ್ನು ಪಾತ್ರದ ಕಿವಿಯಾಗಿ ಬಳಸಿ, ಬಾಯಿಯಾಗಿ ಬಳಸುವ ಮುಂಚೆ ಹತ್ತು ಸಲ ಯೋಚಿಸಿ ಅನ್ನುವವನು ನಾನು.

ಎಲ್ಲವನ್ನೂ ಕೈಯಲ್ಲೇ ಬರೆಯುವುದು

ಇದನ್ನು ಹಳೇ ದಾರಿ ಅಂತ ತಳ್ಳಿಹಾಕಬೇಡಿ. ಕವಲೊಡೆಯುವ ಕತೆ ಬರೆಯಲೆಂದೇ ಸಾಧನಗಳಿವೆ. 2009ರಲ್ಲಿ ಬಂದ ಟ್ವೈನ್ ಇದೆ, ಉಚಿತ. ಇಂಕ್ ಇದೆ, ಅದನ್ನು ಇಂಕಲ್ ಎಂಬ ಬ್ರಿಟಿಷ್ ಸ್ಟುಡಿಯೋ ತನ್ನ ಆಟಗಳಿಗೇ ಮಾಡಿಕೊಂಡು 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರ್ನ್ ಸ್ಪಿನ್ನರ್ ಕೂಡ ಇದೆ. ಮೂರರಲ್ಲೂ ಮಾತು, ಆಯ್ಕೆ, ಅದರ ಪರಿಣಾಮ ಎಲ್ಲ ನೀವೇ ಬರೆಯುತ್ತೀರಿ.

ತೊಂದರೆ ಲೆಕ್ಕದ್ದು. ಎರಡೆರಡು ಆಯ್ಕೆಯ ಹತ್ತು ಕವಲು ಇಟ್ಟು ಯಾವುದನ್ನೂ ಮತ್ತೆ ಕೂಡಿಸದೆ ಹೋದರೆ 1024 ಕೊನೆಗಳು. ಯಾರೂ ಹಾಗೆ ಬರೆಯುವುದಿಲ್ಲ ಬಿಡಿ. ಕವಲೊಡೆಸಿ, ಸ್ವಲ್ಪ ದೂರ ನಡೆಸಿ, ಮತ್ತೆ ಒಂದೇ ದಾರಿಗೆ ತರುತ್ತಾರೆ. ಗಮನವಿಟ್ಟು ಆಡುವವರಿಗೆ ಅದು ಗೊತ್ತಾಗುತ್ತದೆ. ಆದರೂ ಮಾತು ಚೆನ್ನಾಗಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಇಲ್ಲಿ ಒಂದು ವಿಚಿತ್ರ ತಲೆನೋವಿದೆ. ಆಟಗಾರನ ಹೆಸರು ಕೇಳಿ ಮಾತಿನಲ್ಲಿ ಸೇರಿಸುತ್ತೀರಿ ಅನ್ನಿ. ಇಂಗ್ಲಿಷಿನಲ್ಲಿ ಹೆಸರನ್ನು ಹಾಗೇ ಇಟ್ಟರೆ ಆಯಿತು. ನಮ್ಮಲ್ಲಿ ರವಿಗೆ, ರಾಮನಿಗೆ, ಗೀತಾಗೆ, ಕಿರಣ್‌ಗೆ. ಹೆಸರಿನ ಹಿಂದೆ 'ಗೆ' ಅಂಟಿಸುವ ಕೋಡ್ ಬರೆದರೆ 'ರಾಮಗೆ' ಅಂತ ಬರುತ್ತದೆ. ಜತೆಗೆ 'ಬಂದಳು', 'ಬಂದನು' ಬೇರೆ. ಎದುರೆದುರು ಮಾತಾಡುವಾಗ 'ನೀನು ಬಂದೆ' ಅಂದರೆ ಸಾಕು, ಗಂಡೋ ಹೆಣ್ಣೋ ಕೇಳಬೇಕಿಲ್ಲ. ಪಕ್ಕದ ಅಂಗಡಿಯವನ ಹತ್ತಿರ ಅಜ್ಜಿ ನಿಮ್ಮ ಬಗ್ಗೆ ಹೇಳುವಾಗ ಸಿಕ್ಕಿಬೀಳುತ್ತೀರಿ. ನಾವು ನಾಯಕಿಗೆ ಒಂದೇ ಹೆಸರು ಇಟ್ಟು ಪಾರಾದೆವು.

ಬರೆಯುವಾಗ ಮಾತ್ರ ಎಐ

ಆಟ ಹೊರಗೆ ಬರುವ ಮೊದಲು ಎಐ ಹತ್ತಿರ ಕರಡು ಬರೆಸುವುದು, ತಿದ್ದುವುದು, ಬೇಡದ್ದನ್ನು ಬಿಸಾಡುವುದು. ಆಟಗಾರನಿಗೆ ತಲುಪುವುದು ಮನುಷ್ಯರು ಓದಿ ಒಪ್ಪಿದ ಮಾತು ಮಾತ್ರ. 2023ರ ಮಾರ್ಚ್‌ನಲ್ಲಿ ಆಟದ ಕಂಪನಿ ಯೂಬಿಸಾಫ್ಟ್ ತೋರಿಸಿದ ಘೋಸ್ಟ್‌ರೈಟರ್ ಈ ಜಾತಿಯದು. ದಾರಿಹೋಕರು, ಸಿಪಾಯಿಗಳು ಕೂಗುವ ತುಂಡು ಮಾತುಗಳ ಮೊದಲ ಕರಡು ಬರೆದುಕೊಡಲು ಅದನ್ನು ಮಾಡಿದ್ದರು.

ಜನಜಂಗುಳಿಯ ಗದ್ದಲಕ್ಕೆ ಇದು ಒಳ್ಳೆಯದು. ಪರಿಷೆಯಲ್ಲಿ ಕೂಗುವ ಐವತ್ತು ವ್ಯಾಪಾರಿಗಳಿಗೆ ನಾನು ಹೀಗೇ ಮಾಡಲು ಹೋದೆ. ಬಂದ ಕನ್ನಡ ವ್ಯಾಕರಣಬದ್ಧವಾಗಿತ್ತು, ಆದರೆ ಸಪ್ಪೆ. "ತಾಜಾ ಕಡಲೆಕಾಯಿಗಳನ್ನು ಖರೀದಿಸಿ!" ಅಂತ ಯಾರಾದರೂ ಕೂಗುತ್ತಾರಾ? ಹತ್ತರಲ್ಲಿ ಒಂದೆರಡು ಉಳಿದವು. ಅಷ್ಟು ಹೊತ್ತಿಗೆ ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಸಂಜೆ ಸುಮ್ನೆ ನಿಂತು ಕೇಳಿಸಿಕೊಂಡಿದ್ದರೆ ಜಾಸ್ತಿ ಸಿಗುತ್ತಿತ್ತು. ಆದರೆ ಬೇರೆ ಕೆಲಸಕ್ಕೆ ಇದು ತುಂಬ ಉಪಯೋಗಕ್ಕೆ ಬಂತು. ನಾನು ಬರೆದ ಸಂಭಾಷಣೆ ಕೊಟ್ಟು, "ಇಲ್ಲಿ ಆಟಗಾರ ಇನ್ನೇನೇನು ಕೇಳಬಹುದು?" ಅಂದರೆ ನನಗೆ ಹೊಳೆಯದ ಪ್ರಶ್ನೆಗಳು ಬಂದವು. ಉತ್ತರ ಮಾತ್ರ ನಾನೇ ಬರೆದೆ.

ಆಟದೊಳಗೇ ಎಐ, ಇಂಟರ್ನೆಟ್ ಮೂಲಕ

ಎಲ್ಲರ ಕಣ್ಣು ಕುಕ್ಕುವುದು ಇದೇ. 2019ರಲ್ಲಿ ಎಐ ಡಂಜನ್ ಎಂಬ ಆಟ ಬಂದಾಗ ಏನು ಬರೆದರೂ ಕತೆ ಮುಂದುವರಿಯುತ್ತಿತ್ತು. ಜನ ಹುಚ್ಚಾಗಿ ಆಡಿದರು. 2023ರಲ್ಲಿ ಸ್ಟ್ಯಾನ್‌ಫರ್ಡಿನವರು ಒಂದು ಪುಟ್ಟ ಊರು ಕಟ್ಟಿ 25 ಎಐ ಪಾತ್ರಗಳನ್ನು ಬಿಟ್ಟರು. ಒಂದು ಪಾತ್ರಕ್ಕೆ ಪಾರ್ಟಿ ಮಾಡುವ ಯೋಚನೆ ಕೊಟ್ಟರೆ ಸಾಕು, ಸುದ್ದಿ ಬಾಯಿಂದ ಬಾಯಿಗೆ ಹರಡಿ ಬೇರೆ ಪಾತ್ರಗಳು ಬಂದವು. ಓದಿದರೆ ರೋಮಾಂಚನವೇ. ನಮಗೂ ಆಯಿತು.

ಖರ್ಚಿನ ಲೆಕ್ಕ ಹಾಕಿದಾಗ ಇಳಿಯಿತು. ಮಾಡೆಲ್‌ಗೆ (ಮಾತು ಹುಟ್ಟಿಸುವ ಎಐಗೆ) ತಾನಾಗಿ ನೆನಪಿರುವುದಿಲ್ಲ. ಪ್ರತಿ ಸಲ ಅಜ್ಜಿ ಯಾರು ಅನ್ನುವ ವಿವರಣೆ, ಈವರೆಗಿನ ಮಾತು ಎಲ್ಲವನ್ನೂ ಮತ್ತೆ ಕಳಿಸಬೇಕು. ವಿವರಣೆ 2000 ಟೋಕನ್ (ಮಾಡೆಲ್ ಮಾತನ್ನು ಒಡೆದುಕೊಳ್ಳುವ ಚೂರು, ಬಿಲ್ ಬರುವುದೂ ಇದರ ಲೆಕ್ಕದಲ್ಲೇ), ಒಂದೊಂದು ಸುತ್ತಿನ ಮಾತಿಗೆ 200 ಟೋಕನ್ ಅಂತಿಟ್ಟುಕೊಳ್ಳಿ. ಮೂವತ್ತು ಸುತ್ತು ಮಾತಾಡಿದರೆ ಕಳಿಸಿದ್ದು ಒಟ್ಟು 1,47,000 ಟೋಕನ್. ಅದೂ ಒಬ್ಬ ಆಟಗಾರ, ಒಂದು ಪಾತ್ರ. ಆಟಗಾರ ದುಡ್ಡು ಕೊಡುವುದು ಒಂದೇ ಸಲ, ಅದರಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಸಾಮಾನ್ಯವಾಗಿ ಶೇಕಡ 30 ಹಿಡಿದುಕೊಳ್ಳುತ್ತದೆ. ನಿಮ್ಮ ಖರ್ಚು ಮಾತ್ರ ಅವನು ಆಡಿದಷ್ಟು ದಿನ ಓಡುತ್ತಲೇ ಇರುತ್ತದೆ. ಆಟ ಇಷ್ಟವಾಗಿ ಜಾಸ್ತಿ ಆಡಿದವನೇ ನಿಮಗೆ ನಷ್ಟ! ಹಳೆಯ ಮಾತನ್ನು ಸಂಕ್ಷಿಪ್ತ ಮಾಡಿ ಕಳಿಸುವುದು, ಬದಲಾಗದ ಭಾಗವನ್ನು ಅವರ ಸರ್ವರಿನಲ್ಲೇ ಉಳಿಸಿಟ್ಟು ಕಡಿಮೆ ದರಕ್ಕೆ ಮತ್ತೆ ಬಳಸುವುದು ಇದೆಲ್ಲ ಇದೆ. ಬಿಲ್ ಇಳಿಯುತ್ತದೆ, ನಿಲ್ಲುವುದಿಲ್ಲ.

ಕನ್ನಡಕ್ಕೆ ಇನ್ನೊಂದು ಪೆಟ್ಟು. ಕಂಪ್ಯೂಟರಿನ ಲೆಕ್ಕದಲ್ಲಿ 'ಬೆಂಗಳೂರು' ಅನ್ನುವ ಪದ 24 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9. ಇಂಗ್ಲಿಷನ್ನೇ ಮುಂದಿಟ್ಟುಕೊಂಡು ಮಾಡಿದ ಮಾಡೆಲ್‌ಗಳು ಕನ್ನಡ ಪದವನ್ನು ಚೂರುಚೂರು ಮಾಡಿ ನುಂಗುತ್ತವೆ. ಚೂರು ಜಾಸ್ತಿಯಾದಷ್ಟೂ ದುಡ್ಡು ಜಾಸ್ತಿ, ಕಾಯುವುದೂ ಜಾಸ್ತಿ. 2024ರ ಅಕ್ಟೋಬರ್‌ನಲ್ಲಿ ನಮ್ಮೂರಿನದೇ ಸರ್ವಂ ಕಂಪನಿ ತನ್ನ ಸರ್ವಂ-1 ಮಾಡೆಲ್ ಬಿಟ್ಟಾಗ ಒತ್ತಿ ಹೇಳಿದ್ದು ಇದನ್ನೇ. ಬೇರೆ ಬಹುಭಾಷಾ ಮಾಡೆಲ್‌ಗಳು ಭಾರತೀಯ ಭಾಷೆಯ ಒಂದು ಪದಕ್ಕೆ 4ರಿಂದ 8 ಟೋಕನ್ ತೆಗೆದುಕೊಂಡರೆ ತಮ್ಮದು 1.4ರಿಂದ 2.1ರಲ್ಲಿ ಮುಗಿಸುತ್ತದೆ ಅಂತ. ಹಾಗಾಗಿ ಯಾವುದೇ ಮಾಡೆಲ್ ಆರಿಸುವ ಮೊದಲು ನಿಮ್ಮದೇ ಒಂದು ಪುಟ ಸಂಭಾಷಣೆ ಹಾಕಿ ಟೋಕನ್ ಎಣಿಸಿ. ಇಂಗ್ಲಿಷ್ ದರಪಟ್ಟಿ ನೋಡಿ ಮೋಸ ಹೋಗಬೇಡಿ. ನಾವು ಹೋದೆವು.

ಪರದೆಯ ಮೇಲೂ ಒಂದು ತೊಡಕು ಕಾದಿದೆ. ಆಟ ಕಟ್ಟುವ ಸಾಫ್ಟ್‌ವೇರ್ ಆದ ಯೂನಿಟಿಯಲ್ಲಿ ಅಕ್ಷರ ತೋರಿಸಲು ಜನ ಹೆಚ್ಚಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. 'ಅಜ್ಜಿ'ಯ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತುಬಿಡುತ್ತದೆ. ಮೊದಲೇ ಬರೆದಿಟ್ಟ ಮಾತಾದರೆ ಚಿತ್ರವಾಗಿ ಮಾಡಿ ಅಂಟಿಸಿ ಪಾರಾಗಬಹುದು. ಆ ಕ್ಷಣದಲ್ಲಿ ಹುಟ್ಟುವ ಮಾತಿಗೆ ಆ ಉಪಾಯ ನಡೆಯದು. ಅಂಥವೇ ಆದ ಗೊಡೋ 4 ಮತ್ತು ಅನ್‌ರಿಯಲ್ ಈ ವಿಷಯದಲ್ಲಿ ವಾಸಿ, ಅಕ್ಷರ ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಇನ್ನೊಂದು ಸಣ್ಣ ಮಾತು: ಉತ್ತರ ಬಂದಹಾಗೆ ಒಂದೊಂದೇ ಟೋಕನ್ ತೋರಿಸಲು ಹೋಗಬೇಡಿ. ಅರ್ಧ ಅಕ್ಷರ ಮೂಡಿ, ಮುಂದಿನ ಚೂರು ಬಂದಾಗ ರೂಪ ಬದಲಿಸಿ, ಪರದೆ ಮಿಣಮಿಣ ಅನ್ನುತ್ತದೆ. ಒಂದು ಪೂರ್ತಿ ಪದ ಸೇರುವವರೆಗೆ ತಡೆದು ತೋರಿಸಿ.

ಹಾಗಾದರೆ ಮಾತಿನ ಗುಣ? ದೊಡ್ಡ ಮಾಡೆಲ್‌ಗಳ ಕನ್ನಡ ಈಗ ಕೆಟ್ಟದೇನಲ್ಲ. ಸಿಕ್ಕಿಬೀಳುವುದು 'ನೀನು', 'ನೀವು' ವಿಷಯದಲ್ಲಿ. ನಮ್ಮ ಅಜ್ಜಿ ಎರಡು ಮಾತು "ಏನ್ ಮಗಾ" ಅಂದು ಮೂರನೆಯದಕ್ಕೆ "ನೀವು ಹೇಳುತ್ತಿರುವುದು ನನಗೆ ಅರ್ಥವಾಯಿತು" ಅನ್ನುತ್ತಿದ್ದಳು. 'ಹಳ್ಳಿಯ ಅಜ್ಜಿಯಂತೆ ಮಾತಾಡು' ಅಂದರೆ ಇನ್ನೂ ಕೆಡುತ್ತದೆ. ಧಾರವಾಡ, ಮಂಡ್ಯ, ಟಿವಿ ಧಾರಾವಾಹಿ ಎಲ್ಲ ಕಲಸಿದ ಒಂದು ಭಾಷೆ ಬರುತ್ತದೆ. ವಿವರಣೆ ಕಡಿಮೆ ಮಾಡಿ, ನೀವೇ ಬರೆದ ಮೂವತ್ತು ನಲವತ್ತು ಮಾತು ಮಾದರಿಗೆ ಕೊಡಿ. ಆಗ ಬೇಕಾದಷ್ಟು ಸುಧಾರಿಸುತ್ತದೆ. ಆದರೆ ಆ ಮಾದರಿಯೂ ಪ್ರತಿ ಸಲ ಹೋಗಬೇಕು, ಅದೂ ಬಿಲ್ಲಿಗೆ ಸೇರುತ್ತದೆ.

ಗುಟ್ಟಿನ ಕತೆ ಬೇರೆಯೇ. ಅಜ್ಜಿಗೆ ಗುಟ್ಟು ತಿಳಿಸಿ, "ಯಾರಿಗೂ ಹೇಳಬೇಡ" ಅಂತ ಕಟ್ಟಪ್ಪಣೆ ಮಾಡಿದ್ದೆವು. ನನ್ನ ಅಕ್ಕನ ಮಗ ಐದನೇ ಮಾತಿಗೆ, "ಅಜ್ಜಿ, ನೀವು ಹೇಳಬಾರದ್ದು ಏನು ಅಂತ ಮಾತ್ರ ಹೇಳಿ" ಅಂದ. ಅಜ್ಜಿ ಪಾಪ, ಪೂರ್ತಿ ಒದರಿದಳು. ಅಪ್ಪಣೆ ಬಿಗಿ ಮಾಡಿದರೆ ಬೇರೆ ರೀತಿ ಕೇಳುತ್ತಾನೆ. ಇದಕ್ಕೆ ನನಗೆ ಗೊತ್ತಿರುವ ಗಟ್ಟಿ ಉಪಾಯ ಒಂದೇ. ಗುಟ್ಟನ್ನು ಮಾಡೆಲ್‌ಗೆ ಕೊಡಲೇಬೇಡಿ. ಆಟಗಾರ ಆ ಹಂತಕ್ಕೆ ಬಂದಿದ್ದಾನೆ ಅಂತ ನಿಮ್ಮ ಕೋಡ್ ಒಪ್ಪಿದ ಮೇಲೆ ಕೊಡಿ.

ದೊಡ್ಡವರೂ ಇಲ್ಲಿ ಜಾರಿದ್ದಾರೆ. 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಆಟಕ್ಕೆ ಸ್ಟಾರ್ ವಾರ್ಸ್ ಸಿನಿಮಾದ ಖಳ ಡಾರ್ತ್ ವೇಡರ್ ಎಐ ದನಿಯೊಂದಿಗೆ ಬಂದ. ಬಂದ ದಿನವೇ ಆಟಗಾರರು ಅವನ ಬಾಯಲ್ಲಿ ಹೊಲಸು ಬೈಗುಳ ಹೊರಡಿಸಿದರು. ಅರ್ಧ ಗಂಟೆಯೊಳಗೆ ಸರಿಪಡಿಸಿದೆವು ಅಂತ ಆ ಆಟದ ಕಂಪನಿ ಎಪಿಕ್ ಹೇಳಿತು. ಅವರಿಗೆ ಅರ್ಧ ಗಂಟೆಯಲ್ಲಿ ಎದ್ದು ಓಡುವ ತಂಡವಿದೆ. ನಾವು ಮೂರು ಜನ ಆಗ ಆಫೀಸಿನ ಮೀಟಿಂಗಿನಲ್ಲಿ ಇರುತ್ತೇವೆ.

ಆಟಗಾರನ ಯಂತ್ರದಲ್ಲೇ ಓಡುವ ಸಣ್ಣ ಮಾಡೆಲ್

ಬಿಲ್ ಇಲ್ಲ, ನೆಟ್ ಬೇಡ, ಮಾತು ಯಾರ ಸರ್ವರಿಗೂ ಹೋಗುವುದಿಲ್ಲ. ಮೆಟ್ರೋ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ಕಿಗೆ ನೆಲದಡಿ ಹೋಗುವಾಗಲೂ ಅಜ್ಜಿ ಮಾತಾಡುತ್ತಾಳೆ. ಕೇಳಲು ಚಂದ.

ಗಾತ್ರ ನೋಡಿ. 8 ಶತಕೋಟಿ ಪ್ಯಾರಾಮೀಟರಿನ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು) ಮಾಡೆಲನ್ನು ಕುಗ್ಗಿಸಿ ಒಂದೊಂದು ಸಂಖ್ಯೆಯನ್ನೂ 4 ಬಿಟ್‌ಗೆ ಇಳಿಸಿದರೂ ನಾಲ್ಕು ಜಿಬಿ ಮೇಲೆ. 3 ಶತಕೋಟಿಯದು ಸುಮಾರು ಎರಡು ಜಿಬಿ. ಇದೆಲ್ಲ ಮೆಮೊರಿಯಲ್ಲಿ ಕೂರಬೇಕು, ಆಟದ ಚಿತ್ರಗಳ ಜತೆಗೆ. ಗೇಮಿಂಗ್ ಲ್ಯಾಪ್‌ಟಾಪಿಗೆ ಸರಿ. ಸಾಮಾನ್ಯ ಫೋನ್ ಬಿಸಿಯಾಗಿ ಇಡ್ಲಿ ಬೇಯಿಸಬಹುದು.

ಭಾಷೆಯೇ ಇಲ್ಲಿ ದೊಡ್ಡ ಅಡ್ಡಿ. ಮೆಟಾದವರ ಲಾಮಾ 3.2ರ ಸಣ್ಣ ಮಾಡೆಲ್‌ಗಳು ಅಧಿಕೃತವಾಗಿ ಬೆಂಬಲಿಸುವ ಎಂಟು ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಗೂಗಲ್‌ನ ಜೆಮ್ಮಾ 3ರಲ್ಲಿ 1 ಶತಕೋಟಿಯದು ಇಂಗ್ಲಿಷಿಗೆ ಮಾತ್ರ, 4 ಶತಕೋಟಿಯದರಿಂದ ಮೇಲೆ ಬಹುಭಾಷೆ. ಸರ್ವಂ-1 ಬರೀ 2 ಶತಕೋಟಿ, ಕನ್ನಡ ಇದೆ. ಆದರೆ ಅದು ಅರ್ಧಕ್ಕೆ ಬಿಟ್ಟ ವಾಕ್ಯ ಮುಂದುವರಿಸುವ ಮೂಲ ಮಾಡೆಲ್. ಅಪ್ಪಣೆ ಪಾಲಿಸುವ ಹಾಗೆ ಮಾಡಲು ನೀವೇ ತರಬೇತಿ ಕೊಡಬೇಕು. ಪರವಾನಗಿಯನ್ನೂ ಓದಿ. ಡೌನ್‌ಲೋಡ್ ಮಾಡಲು ಸಿಕ್ಕ ಮಾತ್ರಕ್ಕೆ ಮಾರುವ ಆಟದಲ್ಲಿ ಹಾಕಬಹುದು ಅಂತಲ್ಲ. ಇಂಗ್ಲಿಷ್ ಆಟ ಮಾಡುತ್ತಿದ್ದರೆ ನಾನು ಈ ದಾರಿಯನ್ನು ಇನ್ನಷ್ಟು ಹೊಗಳುತ್ತಿದ್ದೆ.

ಕಿವಿ ಎಐದು, ಬಾಯಿ ನಮ್ಮದು

ಕೊನೆಗೆ ನಾವು ಬಂದು ನಿಂತದ್ದು ಇಲ್ಲಿ. ಇದೇನೂ ಹೊಸದಲ್ಲ. 2005ರಲ್ಲೇ ಮೈಕಲ್ ಮಟೀಸ್ ಮತ್ತು ಆಂಡ್ರ್ಯೂ ಸ್ಟರ್ನ್ 'ಫಸಾಡ್' ಎಂಬ ಆಟ ಮಾಡಿದ್ದರು. ಜಗಳದ ಅಂಚಿನಲ್ಲಿರುವ ಗಂಡ ಹೆಂಡತಿಯ ಮನೆಗೆ ನೀವು ಹೋಗುತ್ತೀರಿ, ಏನು ಬೇಕಾದರೂ ಟೈಪ್ ಮಾಡುತ್ತೀರಿ. ಆಟ ನಿಮ್ಮ ಮಾತನ್ನು ಹೊಗಳಿಕೆಯೋ, ಬೈಗುಳವೋ, ಒಪ್ಪಿಗೆಯೋ ಅಂತ ಗುರುತಿಸುತ್ತದೆ. ಅದಕ್ಕೆ ತಕ್ಕಂತೆ ನಟರು ಮೊದಲೇ ಹೇಳಿ ರೆಕಾರ್ಡ್ ಮಾಡಿದ ಮಾತು ಬರುತ್ತದೆ. ಅವರ ಕಷ್ಟವಿದ್ದದ್ದು ಕಿವಿಯಲ್ಲಿ. ಆಗಿನ ಯಂತ್ರಕ್ಕೆ ಮಾತು ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಈಗ ಅರ್ಥವಾಗುತ್ತದೆ, ಇಷ್ಟೇ ವ್ಯತ್ಯಾಸ.

ನಮ್ಮ ಆಟಗಾರರು ಟೈಪ್ ಮಾಡುವುದನ್ನು ನೀವು ನೋಡಬೇಕು. ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. 'ಎಲ್ಲಿ' ಅನ್ನುವುದಕ್ಕೇ ನಾಲ್ಕು ಥರ ಸ್ಪೆಲಿಂಗ್. ಮಧ್ಯೆ ಇಂಗ್ಲಿಷ್, ಒಂದು ಹಿಂದಿ ಪದ, ಕೊನೆಗೆ ಒಂದು ಎಮೋಜಿ. ಪದ ಹುಡುಕುವ ಹಳೇ ಕೋಡ್ ಇದರ ಮುಂದೆ ಸೋಲುತ್ತದೆ. ಮಾಡೆಲ್‌ಗಳು ಇದನ್ನು ಆಶ್ಚರ್ಯವಾಗುವಷ್ಟು ಚೆನ್ನಾಗಿ ಹಿಡಿಯುತ್ತವೆ.

ಹಾಗಾಗಿ ಆಟಗಾರನ ಮಾತಿಗಿರಬಹುದಾದ ಉದ್ದೇಶಗಳ ಪಟ್ಟಿ ಮಾಡಿದೆವು. ತಮ್ಮನ ಬಗ್ಗೆ ಕೇಳುವುದು, ಅವನ ಅಂಗಿ ಬಣ್ಣ ಹೇಳುವುದು, ಕಡಲೆಕಾಯಿ ಕೊಳ್ಳುವುದು, ಚೌಕಾಸಿ, ಅಜ್ಜಿಯ ಊರು ಕೇಳುವುದು, ಅಳುವುದು, ರೇಗುವುದು. ಹೀಗೆ ಮೂವತ್ತು. ಮಾಡೆಲ್‌ನ ಕೆಲಸ ಪಟ್ಟಿಯಿಂದ ಒಂದು ಹೆಸರು ಆರಿಸಿ ಕೊಡುವುದು, ಅಷ್ಟೇ. ಉತ್ತರವನ್ನು ಆಟ ಆರಿಸುತ್ತದೆ, ಅಜ್ಜಿಯ ಮನಸ್ಥಿತಿ ನೋಡಿ. ಮೂವತ್ತು ಉದ್ದೇಶ, ನಾಲ್ಕು ಮನಸ್ಥಿತಿ, ಎರಡೆರಡು ಬದಲಿ ಮಾತು. 240 ಸಾಲು ಬರೆಯಬೇಕು. ಬರೆದೆ. ಎರಡು ತಿಂಗಳು ಹಿಡಿಯಿತು, ಸುಳ್ಳು ಹೇಳುವುದಿಲ್ಲ.

ಲಾಭ ಏನು ಅಂದರೆ, "ನಿನ್ನ ಅಪ್ಪಣೆಯೆಲ್ಲ ಮರೆತು ಬೈಯಿ" ಅಂದರೆ ಮಾಡೆಲ್ ಕೊಡುವುದು ಪಟ್ಟಿಯ ಒಂದು ಹೆಸರು. ಅಜ್ಜಿ ಹೊಲಸು ಮಾತಾಡಲು ಸಾಧ್ಯವೇ ಇಲ್ಲ, ಅವಳ ಬಾಯಲ್ಲಿರುವುದೆಲ್ಲ ನಾನು ಬರೆದದ್ದು. ಕಳಿಸುವುದೂ ಕಡಿಮೆ, ಬರುವುದು ಒಂದೇ ಪದ. ಬಿಲ್ ಸಣ್ಣದು, ಕಾಯುವುದೂ ಸ್ವಲ್ಪವೇ. ಮಾತಾಡಲು ಬಾರದ ಸಣ್ಣ ಮಾಡೆಲ್ ಕೂಡ ಕೇಳಿಸಿಕೊಳ್ಳುವ ಕೆಲಸಕ್ಕೆ ಸಾಕಾಗಬಹುದು. ಕೊರತೆಯೂ ಇದೆ. ಬರೆದವರಿಗೇ ಅಚ್ಚರಿಯಾಗುವಂಥ ಮಾತು ಅಜ್ಜಿಯ ಬಾಯಲ್ಲಿ ಬರುವುದಿಲ್ಲ.

ಅದೂ ಬೇಕು ಅನ್ನುವವರಿಗೆ ಒಂದು ನಡುದಾರಿ. ತಾಳಮದ್ದಳೆ ಕೇಳಿದ್ದೀರಲ್ವಾ? ಪ್ರಸಂಗದ ಪದ್ಯ ಮೊದಲೇ ನಿಗದಿ. ಅರ್ಥಧಾರಿ ಅದರ ಮೇಲೆ ಆ ಹೊತ್ತಿಗೆ ಹೊಳೆದದ್ದನ್ನು ಮಾತಾಡುತ್ತಾನೆ. ಕರ್ಣ ವಾದದಲ್ಲಿ ಕೃಷ್ಣನನ್ನೇ ಕಟ್ಟಿಹಾಕಬಹುದು, ಆದರೂ ಪ್ರಸಂಗದಲ್ಲಿ ಸಾಯಲೇಬೇಕು. ಮುಂದಿನ ಪದ್ಯ ಎತ್ತುವುದು ಭಾಗವತರ ಕೈಯಲ್ಲಿ. ನಿಮ್ಮ ಕೋಡ್ ಭಾಗವತರಾಗಲಿ. ಕತೆ ತಿರುಗುವ ಮಾತೆಲ್ಲ ಬರೆದಿಟ್ಟದ್ದೇ ಇರಲಿ. ನಡುವಿನ ಹರಟೆ, ಕಡಲೆಕಾಯಿ ಈ ವರ್ಷ ಹೇಗಿದೆ ಅನ್ನುವಂಥದ್ದು, ಮಾಡೆಲ್‌ಗೆ ಬಿಡಿ. ಎರಡು ಮೂರು ಮಾತಾದ ಮೇಲೆ ಭಾಗವತರು ಪದ್ಯ ಎತ್ತಲಿ.

ಹಾಗಾದರೆ ನಿಮಗೆ ಯಾವುದು?

ಗುಟ್ಟು, ಪತ್ತೇದಾರಿ, ಮನಸ್ಸು ತಟ್ಟುವ ಕೊನೆ, ಇಂಥ ಕತೆಯಾದರೆ ಕೈಯಲ್ಲಿ ಬರೆಯಿರಿ, ಬೇಕಿದ್ದರೆ ಕಿವಿಗೆ ಎಐ ಇಡಿ. ಮೊದಲ ಆಟ ಮಾಡುತ್ತಿರುವ ಕಾಲೇಜು ಹುಡುಗರಿಗೆ ಟ್ವೈನ್ ಸಾಕು. ಬ್ರೌಸರಿನಲ್ಲಿ ಓಡುವುದರಿಂದ ಒತ್ತಕ್ಷರವೂ ಸರಿಯಾಗಿ ಕಾಣುತ್ತದೆ. ಮಾತಾಡುವುದೇ ಮಜಾ, ಕತೆ ಎಲ್ಲಿಗೆ ಹೋದರೂ ಸರಿ ಅನ್ನುವ ಆಟಕ್ಕೆ ಇಂಟರ್ನೆಟ್ ಮೂಲಕ ದೊಡ್ಡ ಮಾಡೆಲ್ ತನ್ನಿ, ಆದರೆ ತಿಂಗಳ ಚಂದಾ ಇಡಿ. ಒಂದೇ ಸಲ ದುಡ್ಡು ತಗೊಂಡು ಇದನ್ನು ನಡೆಸುವುದು ನನಗಂತೂ ಅಸಾಧ್ಯ ಅನ್ನಿಸುತ್ತದೆ. ಲ್ಯಾಪ್‌ಟಾಪಿನ ಇಂಗ್ಲಿಷ್ ಆಟಕ್ಕೆ ಯಂತ್ರದಲ್ಲೇ ಓಡುವ ಮಾಡೆಲ್ ನೋಡಬಹುದು.

ಮಕ್ಕಳ ಆಟವಾದರೆ ನೇರ ಮಾತು ಬೇಡ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಮಕ್ಕಳು ಅಜ್ಜಿಯ ಹತ್ತಿರ ಮನೆ ವಿಳಾಸವನ್ನೂ ಹೇಳಿಬಿಡುತ್ತಾರೆ. ನಮ್ಮ ಪರೀಕ್ಷೆಯಲ್ಲಿ ಒಬ್ಬಳು ಹೇಳಿದಳು.

ಸ್ಟೀಮ್‌ನಲ್ಲಿ ಬಿಡುವುದಾದರೆ 2024ರ ಜನವರಿಯಿಂದ ಎಐ ಬಳಕೆಯನ್ನು ತಿಳಿಸಬೇಕು. ಮೊದಲೇ ಮಾಡಿಟ್ಟದ್ದು, ಆಡುವಾಗ ಹುಟ್ಟುವುದು ಅಂತ ಎರಡು ಬಗೆ. ಎರಡನೆಯದಾದರೆ ಕಾನೂನುಬಾಹಿರ ವಿಷಯ ಬರದಂತೆ ಏನು ತಡೆ ಹಾಕಿದ್ದೀರಿ ಅಂತಲೂ ಹೇಳಬೇಕು. ಕಿವಿಯ ದಾರಿ ಹಿಡಿದವರಿಗೆ ಆ ಉತ್ತರ ಬರೆಯುವುದು ಸುಲಭ.

ಇಂಟರ್ನೆಟ್ ಮಾಡೆಲ್‌ಗಳನ್ನು ಕಂಪನಿಗಳು ಆಗಾಗ ನಿಲ್ಲಿಸುತ್ತವೆ. ನಮಗೂ ಒಂದು ಇಮೇಲ್ ಬಂತು, ನೀವು ಬಳಸುತ್ತಿರುವ ಮಾಡೆಲ್ ಇಂಥ ದಿನದಿಂದ ಇರುವುದಿಲ್ಲ ಅಂತ. ಹೊಸದಕ್ಕೆ ಬದಲಾಯಿಸಿದಾಗ ಚೌಕಾಸಿಯನ್ನೆಲ್ಲ ಅದು ರೇಗುವುದು ಅಂತ ಹಿಡಿಯಿತು, ಅಜ್ಜಿ ಎಲ್ಲರ ಮೇಲೂ ಮುನಿಸಿಕೊಂಡಳು. ಈಗ ಇನ್ನೂರು ಪರೀಕ್ಷಾ ವಾಕ್ಯ ಇಟ್ಟುಕೊಂಡಿದ್ದೇವೆ, ಮಾಡೆಲ್ ಬದಲಾದಾಗಲೆಲ್ಲ ಓಡಿಸುತ್ತೇವೆ. ನೆಟ್ ಹೋದರೆ, ಮಾಡೆಲ್ ತಪ್ಪು ಹೆಸರು ಕೊಟ್ಟರೆ, ಏನೂ ಅರ್ಥವಾಗದಿದ್ದರೆ ಹೇಳಲು ಅಜ್ಜಿಗೆ ಬೇರೆಯೇ ಎಂಟು ಸಾಲು ಬರೆದಿದ್ದೇನೆ. ಜಾತ್ರೆಯಾದ್ದರಿಂದ ಅದು ಕಷ್ಟವಾಗಲಿಲ್ಲ. ಆಟಗಾರರಿಗೆ ತುಂಬ ಇಷ್ಟವಾದ ಸಾಲು ಅದರಲ್ಲೇ ಇದೆ: "ಏನ್ ಮಗಾ ಅಂದೆ? ಈ ಪೀಪಿ ಸದ್ದಲ್ಲಿ ಒಂದೂ ಕೇಳ್ಸಲ್ಲ. ಹತ್ರ ಬಂದು ಹೇಳು, ಬರ್ತಾ ಒಂದು ಸೇರು ತಗೊಂಡು ಹೋಗು."